ಬಿಸಿಲಿಗೆ ಬೆಳ್ಳಗಾದ ಕರಿ ಪ್ಲಾಸ್ಟಿಕ್: ವಿಜಯಪುರದ ಒಂದು ಗಾಡಿಯ ಕೆಲಸದ ದಾಖಲೆ

ಗಾಡಿ ಬಿಳಿ ಬಣ್ಣದ ಸಣ್ಣ ಎಸ್‌ಯುವಿ. ಏಳು ವರ್ಷ ಹಳೆಯದು, ನಿಲ್ಲುವುದು ಬಯಲಿನಲ್ಲಿ. ಬಣ್ಣ ಹಚ್ಚಿದ ಭಾಗಕ್ಕೆ ಏನೂ ಆಗಿಲ್ಲ, ಒಂದು ಪಾಲಿಶ್ ಬಿದ್ದರೆ ಹೊಳೆಯುತ್ತದೆ. ಕೆಟ್ಟಿರುವುದು ಬಣ್ಣ ಹಚ್ಚದ ಕರಿ ಪ್ಲಾಸ್ಟಿಕ್ಕು: ಎರಡೂ ಬಂಪರುಗಳ ಕೆಳಭಾಗ, ಚಕ್ರಗಳ ಮೇಲಿನ ಕಮಾನು ಪಟ್ಟಿ, ಬಾಗಿಲುಗಳ ಕೆಳಗಿನ ಪಟ್ಟಿ, ಕನ್ನಡಿಯ ಬುಡ, ಮುಂದಿನ ಗಾಜಿನ ಬುಡದಲ್ಲಿ ವೈಪರ್ ಕೂರುವ ಕೌಲ್ ಜಾಲರಿ. ಬಿಳಿ ಗಾಡಿಗೆ ಈ ಕರಿ ಅಂಚುಗಳೇ ಕಳೆ. ಅವು ಬೂದಿ ಬಣ್ಣಕ್ಕೆ ತಿರುಗಿದರೆ ಇಡೀ ಗಾಡಿ ಹಳತಾಗಿ ಕಾಣುತ್ತದೆ.

ಎಲ್ಲ ಕಡೆ ಒಂದೇ ಸಮ ಬೆಳ್ಳಗಾಗಿಲ್ಲ. ಕೌಲ್ ಎಲ್ಲಕ್ಕಿಂತ ಹೆಚ್ಚು, ಅದರ ನಂತರ ಬಂಪರುಗಳ ಮೇಲಂಚು, ಆಮೇಲೆ ಬಲಮಗ್ಗಲಿನ ಕಮಾನುಗಳು. ಎಡಮಗ್ಗಲು ಇನ್ನೂ ಸಾಕಷ್ಟು ಕಪ್ಪಗಿದೆ. ಗಾಡಿ ದಿನವೂ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತದೆ, ಅಂದರೆ ಬಲಮಗ್ಗಲು ದಕ್ಷಿಣಕ್ಕೆ. ವಿಜಯಪುರದಲ್ಲಿ ಮಧ್ಯಾಹ್ನದ ಸೂರ್ಯ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ, ಉಳಿದ ಸುಮಾರು 9 ತಿಂಗಳು ದಕ್ಷಿಣಕ್ಕೆ. ಮಲಗಿದ ಮೇಲ್ಮೈಗೆ ವರ್ಷವಿಡೀ ನೇರ ಏಟು, ದಕ್ಷಿಣದ ಮಗ್ಗಲಿಗೆ ಚಳಿಗಾಲದ ಓರೆ ಬಿಸಿಲು. ಒಂದೇ ಕಡೆ ಖಾಯಂ ಗಾಡಿ ನಿಲ್ಲಿಸುವವರು ಆಗಾಗ ಮುಖ ತಿರುಗಿಸಿ ನಿಲ್ಲಿಸಿದರೆ ಎರಡೂ ಮಗ್ಗಲು ಸಮನಾಗಿ ಸವೆಯುತ್ತವೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಯಾವ ಪ್ಲಾಸ್ಟಿಕ್ ಅನ್ನುವುದು ಮೊದಲು

ಕಮಾನು ಪಟ್ಟಿಯ ಒಳಮಗ್ಗಲಿಗೆ ಬ್ಯಾಟರಿ ಹಿಡಿದು ನೋಡಿದರೆ ಅಚ್ಚಿನಲ್ಲೇ ಮೂಡಿದ ಗುರುತು ಸಿಗುತ್ತದೆ. ಈ ಗಾಡಿಯಲ್ಲಿ ಇದ್ದದ್ದು ‘ಪಿಪಿ+ಇಪಿಡಿಎಂ-ಟಿಡಿ20’. ಪಿಪಿ ಎಂದರೆ ಪಾಲಿಪ್ರೊಪಿಲೀನ್, ಇಪಿಡಿಎಂ ಎಂದರೆ ಏಟು ತಾಳಲೆಂದು ಬೆರೆಸಿದ ರಬ್ಬರ್, ಟಿಡಿ20 ಎಂದರೆ ನೂರಕ್ಕೆ 20 ಪಾಲು ಟಾಲ್ಕ್ ಪುಡಿ. ಬಂಪರು, ಕಮಾನುಗಳಲ್ಲಿ ಬಹುತೇಕ ಇದೇ ಬಳಗದ ಪ್ಲಾಸ್ಟಿಕ್ ಇರುತ್ತದೆ. ಕನ್ನಡಿಯ ಕವಚದಂಥ ಕೆಲವು ಭಾಗ ಮಾತ್ರ ಎಬಿಎಸ್ ಅಥವಾ ಎಎಸ್‌ಎ ಎಂಬ ಬೇರೆ ಬಗೆಯ ಪ್ಲಾಸ್ಟಿಕ್ ಇರಬಹುದು. ಚೂರು ಕೆತ್ತಿ ನೀರಿಗೆ ಹಾಕಿ, ತೇಲಿದರೆ ಪಿಪಿ ಎನ್ನುವ ಗ್ಯಾರೇಜಿನ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. 20 ಪಾಲು ಟಾಲ್ಕ್ ಬೆರೆತ ಪಿಪಿ ನೀರಿಗಿಂತ ತುಸು ಭಾರ, ಮುಳುಗುತ್ತದೆ. ಗುರುತು ಓದುವುದೇ ಸರಿ.

ಈ ಭೇದ ಯಾಕೆ ಬೇಕೆಂದರೆ, ತಿನ್ನರ್ ಅಥವಾ ಅಸಿಟೋನ್ ತಾಗಿದರೆ ಪಿಪಿ ತಡೆದುಕೊಳ್ಳುತ್ತದೆ, ಎಬಿಎಸ್ ಕರಗಿ ಅಂಟಂಟಾಗುತ್ತದೆ, ಪಕ್ಕದ ಹೆಡ್‌ಲ್ಯಾಂಪಿನ ಪಾಲಿಕಾರ್ಬೊನೇಟ್ ಸಣ್ಣ ಬಿರುಕು ಬಿಡುತ್ತದೆ. ಹಾಗಾಗಿ ಈ ಕೆಲಸದಲ್ಲಿ ತಿನ್ನರ್ ಡಬ್ಬಿ ತೆರೆಯುವ ಪ್ರಶ್ನೆಯೇ ಇಲ್ಲ.

ಹೊಳೆಯುವ ಕರಿ ಭಾಗಗಳು, ಅಂದರೆ ಬಾಗಿಲ ಕಂಬಕ್ಕೆ ಅಂಟಿಸಿದ ಪಿಯಾನೋ ಬ್ಲ್ಯಾಕ್ ಪಟ್ಟಿಗಳು, ಬೇರೆ ಲೆಕ್ಕ. ಅವುಗಳಿಗೆ ಬಣ್ಣ ಹಚ್ಚಿದ ಭಾಗಕ್ಕೆ ಹಾಕುವ ಪಾಲಿಶ್ ಬೇಕು. ಇಲ್ಲಿ ಹೇಳಿದ ಯಾವುದನ್ನೂ ಅವುಗಳ ಮೇಲೆ ಮಾಡಬೇಡಿ.

ಬಿಳುಪು ಬಂದದ್ದು ಎಲ್ಲಿಂದ

ಪ್ಲಾಸ್ಟಿಕ್ ಬೆಳ್ಳಗಾಯಿತು ಎಂದ ಕೂಡಲೇ ಅಂಗಡಿಗೆ ಹೋಗಿ ಬಾಟಲಿ ತರುವುದು ತಪ್ಪು ದಾರಿ. ಬಿಳುಪು ನಾಲ್ಕು ಬಗೆ, ನಾಲ್ಕಕ್ಕೂ ಮದ್ದು ಬೇರೆ. ಒಂದೇ ಬಾಟಲಿ ಎಲ್ಲಕ್ಕೂ ಹಚ್ಚಿದರೆ ನಾಲ್ಕರಲ್ಲಿ ಮೂರು ಕಡೆ ಕೊಳೆಯ ಮೇಲೆ ಎಣ್ಣೆ ಬಳಿದಂತಾಗುತ್ತದೆ ಅಷ್ಟೇ.

ಮೊದಲನೆಯದು ಎರೆ ಮಣ್ಣು. ನಮ್ಮ ಕಡೆಯ ಎರೆ ಹಸಿ ಇದ್ದಾಗ ಕಪ್ಪು, ಒಣಗಿದರೆ ಬೂದಿ ಬಣ್ಣ. ಪ್ಲಾಸ್ಟಿಕ್ಕಿನ ಒರಟು ತೊಗಲಿನ ಸಣ್ಣ ಕುಳಿಗಳಲ್ಲಿ ಅದು ಕೂತುಬಿಟ್ಟರೆ ಪೈಪಿನ ನೀರಿಗೆ ಹೋಗುವುದಿಲ್ಲ. ಎರಡನೆಯದು ಬೋರ್ ನೀರಿನ ಸುಣ್ಣ. ತೊಳೆದು ಬಿಸಿಲಲ್ಲೇ ಬಿಟ್ಟ ಗಾಡಿಯ ಮೇಲೆ ಹನಿ ಆರಿದ ಜಾಗದಲ್ಲಿ ಬಿಳಿ ಉಂಗುರ ಉಳಿಯುತ್ತದೆ, ಉಂಗುರದ ಮೇಲೆ ಉಂಗುರ ಬಿದ್ದು ಪದರವಾಗುತ್ತದೆ. ಮೂರನೆಯದು ಗಾಡಿಗೆ ಪಾಲಿಶ್ ಅಥವಾ ವ್ಯಾಕ್ಸ್ ಹಾಕುವಾಗ ಅಂಚು ದಾಟಿ ಪ್ಲಾಸ್ಟಿಕ್ಕಿಗೆ ಸವರಿ ಒಣಗಿದ್ದು. ಇದು ಯಾವಾಗಲೂ ಬಣ್ಣದ ಅಂಚಿನಿಂದ ಒಂದೆರಡು ಬೆರಳಗಲದೊಳಗೆ, ಗೆರೆ ಎಳೆದಂತೆ ಇರುತ್ತದೆ. ನಾಲ್ಕನೆಯದು ನಿಜವಾದ ಬಿಸಿಲಿನ ಹಾನಿ.

ಈ ನಾಲ್ಕನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಪಾಲಿಪ್ರೊಪಿಲೀನಿನ ಉದ್ದ ಸರಪಳಿಗಳನ್ನು ಮೇಲ್ಮೈಯಲ್ಲಿ ತುಂಡರಿಸುತ್ತವೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಕಾರ್ಬನ್ ಬ್ಲ್ಯಾಕ್ ಮತ್ತು ಬೆಳಕು ತಾಳಿಸುವ ರಾಸಾಯನಿಕ ಬೆರೆಸಿರುತ್ತಾರೆ, ಆದರೆ ಆ ರಾಸಾಯನಿಕ ವರ್ಷಗಳಲ್ಲಿ ಸವೆಯುತ್ತದೆ. ಆಗ ಮೇಲಿನ ತೆಳು ಪದರ ಪೆಡಸಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಡುತ್ತದೆ, ಒಳಗಿನ ಟಾಲ್ಕ್ ಪುಡಿ ಹೊರಬೀಳುತ್ತದೆ. ಬೆಳಕು ಆ ಬಿರುಕುಗಳಲ್ಲಿ ಚದುರಿ ಬಿಳುಪಾಗಿ ಕಾಣುತ್ತದೆ. ಒಳಗಿನ ಪ್ಲಾಸ್ಟಿಕ್ ಇನ್ನೂ ಕಪ್ಪಗೇ ಇರುತ್ತದೆ.

ಪರೀಕ್ಷೆಗೆ ಒಂದು ಲೋಟ ನೀರು ಸಾಕು. ಗಾಡಿ ತೊಳೆದು ಒಣಗಿದ ಮೇಲೆ ಒದ್ದೆ ಅರಿವೆಯಿಂದ ಪ್ಲಾಸ್ಟಿಕ್ಕಿನ ಮೇಲೆ ಅಂಗೈಯಗಲ ಒರೆಸಿ ನೋಡಿ. ಒದ್ದೆಯಾದಾಗ ಪೂರಾ ಕಪ್ಪಗಾಗಿ, ಆರಿದಾಗ ಮತ್ತೆ ಬೂದಿಯಾದರೆ ಅದು ಬಿಸಿಲಿನ ಹಾನಿ. ನೀರು ಬಿರುಕುಗಳನ್ನು ತುಂಬಿದ್ದರಿಂದ ಬೆಳಕು ಚದುರುವುದು ನಿಂತಿದೆ. ನೀರು ಮಾಡಿದ ಕೆಲಸವನ್ನೇ ಕೊನೆಗೆ ಹಚ್ಚುವ ಲೇಪ ಬಹಳ ದಿನ ಮಾಡುತ್ತದೆ. ಒದ್ದೆಯಾದಾಗಲೂ ಬಿಳಿ ಕಲೆ ಹಾಗೇ ಕಂಡರೆ ಅದು ಸುಣ್ಣ ಅಥವಾ ವ್ಯಾಕ್ಸ್. ಅದನ್ನು ತೆಗೆಯದೆ ಏನು ಹಚ್ಚಿದರೂ ದುಡ್ಡು ದಂಡ. ಈ ಗಾಡಿಯಲ್ಲಿ ಕೌಲ್ ಮತ್ತು ಬಲ ಕಮಾನುಗಳು ಒದ್ದೆಗೆ ಕಪ್ಪಾದವು. ಬಂಪರಿನ ಮೇಲಂಚಿನಲ್ಲಿ ಉಂಗುರಗಳು ಉಳಿದವು. ಹಿಂಬಾಗಿಲ ಕೆಳಗೆ ಬಣ್ಣದ ಅಂಚಿಗೆ ಹೊಂದಿಕೊಂಡು ಬಿಳಿ ಗೆರೆ ಉಳಿಯಿತು.

ಬೇಕಾದ ಸಾಮಾನು

ಕಾರ್ ಶಾಂಪೂ 50 ಮಿ.ಲೀ. ಆಲ್ ಪರ್ಪಸ್ ಕ್ಲೀನರ್ 100 ಮಿ.ಲೀ., ಇದನ್ನು 1 ಲೀಟರ್ ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ. ಸಿಟ್ರಿಕ್ ಆಸಿಡ್ 20 ಗ್ರಾಂ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ, ಇದೂ 1 ಲೀಟರ್ ನೀರಿಗೆ. ಐಸೊಪ್ರೊಪೈಲ್ ಆಲ್ಕೊಹಾಲ್ 200 ಮಿ.ಲೀ., ಅಷ್ಟೇ ಆರ್‌ಒ ನೀರು ಬೆರೆಸಿ. ಬಟ್ಟೆ ಒಗೆಯುವ ನೈಲಾನ್ ಬ್ರಷ್ ಒಂದು, ಟೂತ್ ಬ್ರಷ್ ಎರಡು, ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ಒಂದು. ಮೈಕ್ರೋಫೈಬರ್ ಬಟ್ಟೆ ಕನಿಷ್ಠ ಎಂಟು. ಒಂದಿಂಚಿನ ಮಾಸ್ಕಿಂಗ್ ಟೇಪ್ ಎರಡು ಸುರುಳಿ. ನೈಟ್ರೈಲ್ ಕೈಗವಸು. ಪ್ಲಾಸ್ಟಿಕ್‌ಗೆಂದೇ ಮಾಡಿದ ಸಿರಾಮಿಕ್ ಟ್ರಿಮ್ ಕೋಟಿಂಗ್ (ಲೇಪ ಎನ್ನುವುದು ಇದನ್ನೇ) 30 ಮಿ.ಲೀ. ಬಾಟಲಿ ಒಂದು, ಈ ಅಳತೆಯ ಗಾಡಿಗೆ ಎರಡು ಕೈ ಹಚ್ಚಿದರೂ ಅದರಲ್ಲಿ ಉಳಿಯುತ್ತದೆ.

ಬಿಳಿ ಮೆಲಮೈನ್ ಸ್ಪಂಜು ತರಬೇಡಿ. ಅದು ಸಣ್ಣ ಸ್ಯಾಂಡ್ ಪೇಪರೇ. ಒರಟು ತೊಗಲಿನ ತುದಿಗಳನ್ನು ಸವೆಸಿ, ಆ ಜಾಗ ಮಾತ್ರ ಹೊಳೆಯುವಂತೆ ಮಾಡುತ್ತದೆ. ಆಮೇಲೆ ಅದನ್ನು ಸರಿಮಾಡಲು ದಾರಿಯಿಲ್ಲ.

ನೀರಿನ ವಿಚಾರ

ವಿಜಯಪುರ, ಬಾಗಲಕೋಟೆ ಎರಡೂ ಕಡೆ ಬೋರ್ ನೀರು ಗಡಸು. ಒಗೆಯುವಾಗ ಸಾಬೂನು ನೊರೆ ಬರಲು ತಡ ಮಾಡುವ ನೀರೇ ಪ್ಲಾಸ್ಟಿಕ್ ಮೇಲೂ ಸುಣ್ಣ ಬಿಡುತ್ತದೆ. ಮೊದಲ ತೊಳೆತಕ್ಕೆ ಬೋರ್ ನೀರು ನಡೆಯುತ್ತದೆ. ಕೊನೆಯ ತೊಳೆತಕ್ಕೆ ನಳಕ್ಕೆ ಬರುವ ಹೊಳೆ ನೀರು ಒಂದೆರಡು ಕೊಡ ಹಿಡಿದಿಟ್ಟುಕೊಳ್ಳಿ. ಮಳೆ ನೀರು ಇನ್ನೂ ಒಳ್ಳೆಯದು. ಎಸಿಯ ಹೊರಪೈಪಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿನ ಅಂಶ ಇಲ್ಲವೆಂದೇ ಹೇಳಬೇಕು, ಬಕೆಟ್ ಇಟ್ಟು ಹಿಡಿದರೆ ಕೊನೆಯ ತೊಳೆತಕ್ಕೆ ಸಾಕು.

ಆರ್‌ಒ ಯಂತ್ರದ ಹೊರಬಿಡುವ ನೀರನ್ನು ‘ಸುಮ್ಮನೆ ಹೋಗ್ತದ, ಗಾಡಿ ತೊಳ್ಯೂಣು’ ಎಂದು ಬಳಸುವವರು ಬಹಳ ಮಂದಿ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಯಂತ್ರ ಸೋಸಿ ಬೇರ್ಪಡಿಸಿದ ಸುಣ್ಣ, ಉಪ್ಪು ಎಲ್ಲ ಆ ನೀರಿನಲ್ಲೇ ಸೇರಿರುತ್ತದೆ, ಅದು ಮೂಲ ನೀರಿಗಿಂತಲೂ ಗಡಸು. ನೆಲ ಒರೆಸಲು ಬಳಸಿ, ಗಾಡಿಗೆ ಬೇಡ.

ತೊಳೆಯುವುದು

ಎರೆ ಮಣ್ಣನ್ನು ಒಣ ಅರಿವೆಯಿಂದ ಉಜ್ಜಬಾರದು. ಮೊದಲು ಚೆನ್ನಾಗಿ ನೀರು ಹೊಡೆದು 10 ನಿಮಿಷ ಬಿಡಬೇಕು. ಎರೆ ನೀರು ಕುಡಿದು ಉಬ್ಬುವ ಮಣ್ಣು, ಉಬ್ಬಿದ ಮೇಲೆ ಹಿಡಿತ ಬಿಡುತ್ತದೆ. ಆಮೇಲೆ ಮತ್ತೊಮ್ಮೆ ಜೋರಾಗಿ ನೀರು ಹೊಡೆದರೆ ಕಂದು ನೀರು ಇಳಿಯುವುದು ಕಾಣುತ್ತದೆ. ಅದು ತಿಳಿಯಾಗುವವರೆಗೆ ಬ್ರಷ್ ಮುಟ್ಟಬೇಡಿ. ನಂತರ 5 ಲೀಟರ್ ನೀರಿಗೆ 15ರಿಂದ 20 ಮಿ.ಲೀ. ಶಾಂಪೂ ಹಾಕಿ ಇಡೀ ಗಾಡಿ ತೊಳೆಯಿರಿ.

ಇನ್ನು ಕ್ಲೀನರ್. ಒಂದು ಸಲಕ್ಕೆ ಒಂದು ಪಟ್ಟಿ ಮಾತ್ರ. ಸ್ಪ್ರೇ ಮಾಡಿ, 2 ನಿಮಿಷ ಬಿಟ್ಟು, ನೈಲಾನ್ ಬ್ರಷ್‌ನಿಂದ ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಸುತ್ತಿಸಿ ಉಜ್ಜಬೇಕು. ಒರಟು ತೊಗಲಿನ ಕುಳಿಗೆ ನಾಲ್ಕೂ ದಿಕ್ಕಿನ ಗೋಡೆ ಇರುತ್ತದೆ, ಒಂದೇ ದಿಕ್ಕಿಗೆ ಉಜ್ಜಿದರೆ ಒಂದು ಗೋಡೆ ಮಾತ್ರ ಶುಚಿಯಾಗುತ್ತದೆ. ನೊರೆ ಕಂದು ಬಣ್ಣಕ್ಕೆ ತಿರುಗುತ್ತದೆ. ತೊಳೆದು ಮತ್ತೆ ಅದೇ. ನೊರೆ ಬಿಳಿಯಾಗಿ ಉಳಿಯುವವರೆಗೆ. ಈ ಗಾಡಿಯ ಹಿಂದಿನ ಬಂಪರಿಗೆ ಮೊದಲ ನೊರೆ ಚಹಾ ಬಣ್ಣದ್ದಿತ್ತು, ಮೂರನೆಯದು ಬೆಳ್ಳಗೆ ಉಳಿಯಿತು. ಕ್ಲೀನರ್ ಪ್ಲಾಸ್ಟಿಕ್ ಮೇಲೆ ಆರಲು ಬಿಡಬಾರದು, ಆರಿದರೆ ಸೋರಿದ ಗೆರೆಗಳು ಉಳಿಯುತ್ತವೆ. ಅದಕ್ಕೇ ಈ ಕೆಲಸ ಮುಂಜಾನೆ, ನೆರಳಲ್ಲಿ.

ಸುಣ್ಣದ ಉಂಗುರಕ್ಕೆ ಸಿಟ್ರಿಕ್ ಆಸಿಡ್ ನೀರು. ಬಟ್ಟೆಯ ತುಂಡನ್ನು ಅದರಲ್ಲಿ ಅದ್ದಿ ಕಲೆಯ ಮೇಲೆ ಹಾಸಿ 2ರಿಂದ 3 ನಿಮಿಷ ಬಿಡಿ, ಟೂತ್ ಬ್ರಷ್ ಆಡಿಸಿ, ಧಾರಾಳ ನೀರಿನಲ್ಲಿ ತೊಳೆಯಿರಿ. ಹಟಮಾರಿ ಕಲೆಗೆ ಇನ್ನೊಮ್ಮೆ, ಆದರೆ ನೀರಿಗೆ ಆಸಿಡ್ ಹೆಚ್ಚಿಸುವುದು ಬೇಡ. ಸಿಟ್ರಿಕ್ ಸಿಗದಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿದರೂ ಆಗುತ್ತದೆ. ಇಂಡಿ ಲಿಂಬೆಯ ಜಿಲ್ಲೆ ಇದು, ಮನೆಯಲ್ಲಿ ಲಿಂಬೆಹಣ್ಣಿಗೆ ಬರವಿಲ್ಲ. ಆದರೂ ಹೋಳು ತಿಕ್ಕಬೇಡಿ, ರಸದ ಜೊತೆ ತಿರುಳು ಕುಳಿಗಳಲ್ಲಿ ಸಿಕ್ಕಿಕೊಂಡು ಅದನ್ನು ತೆಗೆಯುವುದೇ ಇನ್ನೊಂದು ಕೆಲಸವಾಗುತ್ತದೆ. ಆಸಿಡ್ ನೀರು ಬಿಸಿ ಬ್ರೇಕ್ ಡಿಸ್ಕ್, ಅಲಾಯ್ ಚಕ್ರಕ್ಕೆ ತಾಗದಂತೆ ನೋಡಿಕೊಳ್ಳಿ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ಇರುವ ಯಾವುದರ ಜೊತೆಗೂ ಇದನ್ನು ಬೆರೆಸಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಒಂದೇ ಬಕೆಟ್ಟಿನಲ್ಲಿ ಒಂದಾದ ಮೇಲೊಂದು ಕಲಸುವ ರೂಢಿ ಇದ್ದವರು ಈ ಮಾತನ್ನು ಮರೆಯಬಾರದು. ಮನೆ ಕಟ್ಟುವ ಕಡೆ ನಿಲ್ಲಿಸಿದಾಗ ಸಿಡಿದ ಸಿಮೆಂಟ್ ಚುಕ್ಕೆಗೂ ಇದೇ ಸಿಟ್ರಿಕ್ ನೀರು, ಆದರೆ ಅದಕ್ಕೆ ಬಟ್ಟೆ ಹಾಸಿ ಹೆಚ್ಚು ಹೊತ್ತು ನೆನೆಸಬೇಕು, ಉಗುರಲ್ಲಿ ಕೆರೆಯಬಾರದು.

ವ್ಯಾಕ್ಸ್ ಗೆರೆಗೆ ಆ ಬಿಳಿ ರಬ್ಬರ್. ಕಾಗದದ ಮೇಲೆ ಅಳಿಸಿದ ಹಾಗೇ ಒಣ ಪ್ಲಾಸ್ಟಿಕ್ ಮೇಲೆ ಅಳಿಸಬೇಕು. ರಬ್ಬರಿನ ಚೂರುಗಳು ಕುಳಿಗಿಳಿದು ಒಣಗಿದ ವ್ಯಾಕ್ಸನ್ನು ಸುತ್ತಿಕೊಂಡು ಬರುತ್ತವೆ. ಬಿಳಿ ರಬ್ಬರನ್ನೇ ತನ್ನಿ, ಬಣ್ಣದ್ದು ತನ್ನ ಬಣ್ಣ ಬಿಡುತ್ತದೆ. ಹಿಂಬಾಗಿಲ ಕೆಳಗಿನ ಗೆರೆ ಕ್ಲೀನರಿಗೂ ಬ್ರಷ್ಷಿಗೂ ಬಗ್ಗಿರಲಿಲ್ಲ, ರಬ್ಬರಿಗೆ ಬಂತು. ಬಳಿಕ ಆಲ್ಕೊಹಾಲ್ ಅರಿವೆ.

ಕೌಲ್ ಜಾಲರಿ

ಇದನ್ನು ಕಳಚಿಯೇ ಮಾಡಬೇಕು. ಕಳಚದೆ ಮಾಡಿದರೆ ವೈಪರ್ ಕೆಳಗಿನ ಜಾಗಕ್ಕೆ ಕೈ ಹೋಗುವುದಿಲ್ಲ, ಹಚ್ಚಿದ್ದು ಗಾಜಿಗೆ ತಾಗುತ್ತದೆ. ಮೊದಲು ವೈಪರ್ ನಿಂತ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ವಾಪಸ್ ಕೂರಿಸುವಾಗ ವೈಪರ್ ಗಾಜಿನಾಚೆ ಕಂಬಕ್ಕೆ ಬಡಿಯುತ್ತದೆ. ಆರ್ಮ್‌ನ ಬುಡದ ನಟ್ ಬಿಚ್ಚಿದರೂ ಆರ್ಮ್ ಹಲ್ಲಿನ ಮೇಲೆ ಕಚ್ಚಿಕೊಂಡಿರುತ್ತದೆ. ನಟ್ಟನ್ನು ಎರಡು ಸುತ್ತು ಹಾಗೇ ಬಿಟ್ಟು, ಆರ್ಮನ್ನು ಎಡಬಲ ಅಲುಗಾಡಿಸಿ ಸಡಿಲಿಸಿ. ಸುತ್ತಿಗೆ ಬೇಡ. ಅದೂ ಬರದಿದ್ದರೆ ಸಣ್ಣ ಎರಡು ಕಾಲಿನ ಪುಲ್ಲರ್ ಬೇಕು.

ಕ್ಲಿಪ್ಪುಗಳೇ ಇಲ್ಲಿ ಕಾಟ. ನಡುವಿನ ಮೊಳೆಯನ್ನು ಪ್ಲಾಸ್ಟಿಕ್ ಮೀಟುಗೋಲಿನಿಂದ ಅರ್ಧ ಎತ್ತಿ, ಆಮೇಲೆ ಪೂರಾ ಕ್ಲಿಪ್ ಎಳೆಯಬೇಕು. ಏಳು ಬೇಸಿಗೆ ಉಂಡ ಕ್ಲಿಪ್ಪಿನಲ್ಲಿ ಜೀವ ಇರುವುದಿಲ್ಲ, ಅರ್ಧದಷ್ಟು ತಲೆ ಮುರಿದೇ ಬರುತ್ತವೆ ಎಂದುಕೊಂಡು ಮೊದಲೇ ಹತ್ತು ಕ್ಲಿಪ್ ತಂದಿಟ್ಟುಕೊಳ್ಳಿ. ಅಳತೆಗೆ ಒಂದನ್ನು ಬಿಚ್ಚಿ ಅಂಗಡಿಗೆ ಒಯ್ಯುವುದು ಉತ್ತಮ, ರಂಧ್ರದ ಅಳತೆ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಮುಂಜಾನೆಯ ತಂಪಿನಲ್ಲಿ ಹಳೆಯ ಕ್ಲಿಪ್ ಇನ್ನೂ ಪೆಡಸು, ಬಿಸಿನೀರು ಸುರಿದು ಒಂದು ನಿಮಿಷ ಬಿಟ್ಟು ಎಳೆದರೆ ಉಳಿಯುವ ಸಾಧ್ಯತೆ ಹೆಚ್ಚು.

ಜಾಲರಿ ಕೈಗೆ ಬಂದಾಗ ಅಡಿಯಲ್ಲಿ ನೋಡಿ. ಬೇವಿನ ಎಲೆ, ಧೂಳು ಸೇರಿ ಗೊಬ್ಬರವಾಗಿ ನೀರಿಳಿಯುವ ತೂತು ಮುಚ್ಚಿರುತ್ತದೆ. ಮಳೆಗಾಲದಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ನೀರು ಬರುತ್ತಿದ್ದರೆ ಕಾರಣ ಬಹುತೇಕ ಇದೇ. ಅದನ್ನೂ ಶುಚಿ ಮಾಡಿಬಿಡಿ.

ಹೀಟ್ ಗನ್ ಮತ್ತು ಡೀಸೆಲ್

ವಿಡಿಯೊಗಳಲ್ಲಿ ಹೀಟ್ ಗನ್ ಆಡಿಸಿದ ಕಡೆಯಲ್ಲೆಲ್ಲ ಪ್ಲಾಸ್ಟಿಕ್ ಕರ್ರಗಾಗುವುದು ಕಾಣುತ್ತದೆ. ಒಳಗಿನ ಎಣ್ಣೆ ಮೇಲೆ ಬರುತ್ತದೆ ಎಂಬ ವಿವರಣೆ ಸರಿಯಲ್ಲ. ಆಗುವುದು ಇಷ್ಟೆ: ಮೇಲ್ಪದರ ಕರಗಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಪಾಲಿಪ್ರೊಪಿಲೀನ್ ಕರಗುವುದು ಸುಮಾರು 160 ಡಿಗ್ರಿಗೆ, ಗನ್ನಿನ ಬಾಯಲ್ಲಿ ಬರುವ ಗಾಳಿ 300 ಡಿಗ್ರಿಗೂ ಮೇಲೆ. ಕೈ ಒಂದು ಕ್ಷಣ ನಿಂತರೆ ಒರಟು ತೊಗಲು ಕರಗಿ ನುಣ್ಣಗಿನ ಕಲೆ ಬೀಳುತ್ತದೆ, ಪಟ್ಟಿ ಸೊಟ್ಟಗಾಗುತ್ತದೆ, ಪಕ್ಕದ ಬಣ್ಣ ಗುಳ್ಳೆ ಏಳುತ್ತದೆ. ಬೆಳಕು ತಾಳಿಸುವ ರಾಸಾಯನಿಕವಂತೂ ಮರಳಿ ಬರುವುದಿಲ್ಲ, ಹಾಗಾಗಿ ಒಂದೆರಡು ಬೇಸಿಗೆಗೆ ಮತ್ತೆ ಬೂದಿ. ಗಾಡಿಯ ಮೇಲಿದ್ದಾಗ ಇದು ಬೇಡ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಕಳಚಿ ತೆಗೆದ ಹಳೆಯ ಪಟ್ಟಿಯ ಮೇಲೆ ಕೈ ಪಳಗಿಸಿಕೊಳ್ಳಲು ಅಡ್ಡಿಯಿಲ್ಲ.

ಡೀಸೆಲ್ ಒರೆಸುವ ರೂಢಿ ಇನ್ನೂ ಹಳೆಯದು. ತೊಳೆಯುವ ಅಂಗಡಿಗಳಲ್ಲಿ ಕೊನೆಗೆ ಡೀಸೆಲ್ ಸಿಂಪಡಿಸಿ ಕೊಟ್ಟಾಗ ಬಂಪರ್ ಕಪ್ಪಾಗಿ ಮಿಂಚುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಇಪಿಡಿಎಂ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಹೀರಿಕೊಂಡು ಉಬ್ಬಿ ಮೆತ್ತಗಾಗುತ್ತದೆ. ಬಾಗಿಲ ಸುತ್ತಿನ ರಬ್ಬರ್ ಪಟ್ಟಿಯೂ ಇಪಿಡಿಎಂ, ಬಂಪರಿನೊಳಗೂ ಅದೇ ಬೆರೆತಿದೆ. ಸಂಜೆಯೊಳಗೆ ಧೂಳು ಕೂತು ಮರುದಿನ ಮೊದಲಿಗಿಂತ ಕೊಳಕು. ಟೈರ್ ಪಾಲಿಶ್, ಕೊಬ್ಬರಿ ಎಣ್ಣೆಯ ಪಾಡೂ ಇದೇ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ ಈ ಎಣ್ಣೆಗಳು ಬಿರುಕಿನೊಳಗೆ ಇಳಿದು ಕೂರುತ್ತವೆ, ಮುಂದೆ ಹಾಕುವ ಒಳ್ಳೆಯ ಲೇಪ ಹಿಡಿಯುವುದಿಲ್ಲ.

ಲೇಪಕ್ಕೆ ಮುಂಚೆ

ಹಳೆಯ ಎಣ್ಣೆ ಉಳಿದಿದೆಯೇ ಎಂದು ತಿಳಿಯಲು ನೀರು ಸಿಂಪಡಿಸಿ. ಬಿಸಿಲಿಗೆ ಸವೆದ ಪ್ಲಾಸ್ಟಿಕ್ ಮೇಲೆ ನೀರು ಹರಡಿಕೊಳ್ಳಬೇಕು. ಅಲ್ಲೇ ಹನಿಹನಿಯಾಗಿ ನಿಂತರೆ ಹಳೆಯ ಪಾಲಿಶಿನ ಎಣ್ಣೆ, ಸಿಲಿಕೋನ್ ಇನ್ನೂ ಇದೆ, ಕ್ಲೀನರನ್ನು ಒಂದಕ್ಕೆ ಐದರಂತೆ ಗಟ್ಟಿ ಬೆರೆಸಿ ಮತ್ತೆ ಉಜ್ಜಬೇಕು. ಆದರೆ ಎಡಮಗ್ಗಲಿನಂಥ ಸವೆಯದ ಜಾಗದಲ್ಲಿ ಹನಿ ನಿಲ್ಲುವುದು ಪಾಲಿಪ್ರೊಪಿಲೀನಿನ ಸಹಜ ಗುಣ, ಅಲ್ಲಿ ಈ ಪರೀಕ್ಷೆಗೆ ಅರ್ಥವಿಲ್ಲ.

ಆಮೇಲೆ ಒಣಗಿಸುವುದು. ಮೇಲೆ ಒಣಗಿದಂತೆ ಕಂಡರೂ ಪಟ್ಟಿಯ ಹಿಂದೆ, ಕ್ಲಿಪ್ಪಿನ ಸಂದಿಯಲ್ಲಿ ನೀರು ನಿಂತಿರುತ್ತದೆ. ಲೇಪ ಹಚ್ಚುವಾಗ ಅಲ್ಲಿಂದ ಒಂದು ಹನಿ ಜಾರಿ ಬಂದರೆ ಆ ದಾರಿಯಷ್ಟೂ ಬಿಳಿ ಗೆರೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಸಿಕ್ಕರೆ ಸಂದಿಗಳಿಗೆ ಹೊಡೆಸಿ, ಇಲ್ಲದಿದ್ದರೆ ಒಂದು ರಾತ್ರಿ ಬಿಡಿ. ಕೊನೆಗೆ ಆಲ್ಕೊಹಾಲ್ ನೀರಿನಿಂದ ಒರೆಸಿ. ಬಟ್ಟೆಗೆ ಬೂದಿ ಬಣ್ಣ ಹತ್ತುತ್ತಲೇ ಇರುತ್ತದೆ, ಅದು ಸವೆದ ಪ್ಲಾಸ್ಟಿಕ್ಕಿನದೇ ಪುಡಿ. ಪೂರಾ ನಿಲ್ಲುವವರೆಗೆ ಒರೆಸುತ್ತಾ ಕೂರಬೇಡಿ, ತೆಳುವಾದರೆ ಸಾಕು. ಆಲ್ಕೊಹಾಲ್ ಆವಿಗೆ ಬೆಂಕಿ ಬಲುಬೇಗ ಹತ್ತುತ್ತದೆ. ಪಕ್ಕದಲ್ಲಿ ವೆಲ್ಡಿಂಗ್, ಬೀಡಿ ಇರಬಾರದು.

ಹಚ್ಚುವುದು

ಏಪ್ರಿಲ್, ಮೇನಲ್ಲಿ ಈ ಊರಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ಕರಿ ಪ್ಲಾಸ್ಟಿಕ್ ಅದಕ್ಕಿಂತ ಬಹಳ ಬಿಸಿ. ಆಗ ಲೇಪದ ದ್ರಾವಕ ಹಚ್ಚಿದ ಕೂಡಲೇ ಹಾರಿಹೋಗಿ, ಹರಡುವ ಮೊದಲೇ ಕಚ್ಚಿಕೊಂಡು, ಪಟ್ಟೆಪಟ್ಟೆಯಾಗುತ್ತದೆ. ನವೆಂಬರಿನಿಂದ ಫೆಬ್ರವರಿವರೆಗಿನ ಮುಂಜಾನೆ ಇದಕ್ಕೆ ಹೇಳಿ ಮಾಡಿಸಿದ ಹೊತ್ತು. ಬೇಸಿಗೆಯಲ್ಲೇ ಮಾಡಬೇಕಾದರೆ ಹಿಂದಿನ ರಾತ್ರಿ ಗಾಡಿಯನ್ನು ಒಳಗೆ ನಿಲ್ಲಿಸಿ ಸೂರ್ಯ ಏರುವ ಮೊದಲು ಮುಗಿಸಬೇಕು. ಅಂಗೈ ಇಟ್ಟಾಗ ತಂಪೆನಿಸಬೇಕು.

ಬಣ್ಣದ ಅಂಚಿಗೆಲ್ಲ ಟೇಪ್ ಹಾಕಿ. ಬಿಳಿ ಗಾಡಿಗೆ ಇದರಲ್ಲಿ ರಿಯಾಯಿತಿ ಇಲ್ಲ. ಸ್ಪಂಜಿನ ಗಟ್ಟಿಗೆ ಸುತ್ತಿದ ಸ್ವೇಡ್ ಬಟ್ಟೆಗೆ ನಾಲ್ಕೈದು ಹನಿ, ಒಂದು ಮೊಳದಷ್ಟು ಉದ್ದ ಮಾತ್ರ ಒಂದು ಸಲಕ್ಕೆ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 1ರಿಂದ 2 ನಿಮಿಷ, ಕಾದು ಒಣ ಮೈಕ್ರೋಫೈಬರಿನಿಂದ ಮೆಲ್ಲಗೆ ಒರೆಸಿ ಸಮ ಮಾಡಬೇಕು. ಒರೆಸದೆ ಬಿಟ್ಟ ಜಾಗ ಹೊಳೆಯುವ ಕಲೆಯಾಗಿ ಗಟ್ಟಿಯಾಗುತ್ತದೆ. ಮೊಬೈಲ್ ಬ್ಯಾಟರಿಯನ್ನು ಓರೆಯಾಗಿ ಹಿಡಿದು ನೋಡಿದರೆ ಆಗಲೇ ಕಾಣುತ್ತದೆ. ಆ ಹೊತ್ತಿನಲ್ಲಿ ಒಂದು ಹನಿ ಹೊಸ ಲೇಪ ಹಾಕಿ ಒರೆಸಿದರೆ ಸರಿಹೋಗುತ್ತದೆ, ಮರುದಿನ ಹೋಗುವುದಿಲ್ಲ. ಬಣ್ಣದ ಮೇಲೆ ತಾಗಿದ್ದನ್ನು ತಕ್ಷಣ ಆಲ್ಕೊಹಾಲಿನಿಂದ ತೆಗೆಯಿರಿ, ತಡವಾದರೆ ಪಾಲಿಶ್ ಮಾಡಿಯೇ ತೆಗೆಯಬೇಕು.

ಬಲ ಕಮಾನುಗಳು ಮೊದಲ ಕೈಯನ್ನು ಪೂರಾ ಕುಡಿದವು. ಬಾಯಾರಿದ ಪ್ಲಾಸ್ಟಿಕ್ ಹಾಗೇ, ಬಿರುಕು ತುಂಬುವುದಕ್ಕೇ ಮೊದಲ ಕೈ ಖರ್ಚು. ಒಂದು ಗಂಟೆ ಬಿಟ್ಟು ಎರಡನೆಯ ಕೈ ಹಚ್ಚಿದಾಗ ಬಣ್ಣ ಎಡಮಗ್ಗಲಿಗೆ ಹೊಂದಿಕೊಂಡಿತು. ಎಡಮಗ್ಗಲಿಗೆ ಒಂದೇ ಕೈ ಸಾಕಾಯಿತು. ಎರಡೂ ಮಗ್ಗಲಿಗೆ ಲೆಕ್ಕ ಹಿಡಿದು ಒಂದೇ ಸಮ ಹಚ್ಚುವುದಕ್ಕಿಂತ, ದೂರ ನಿಂತು ಎರಡನ್ನೂ ಹೋಲಿಸಿ ನೋಡಿ ಹಚ್ಚುವುದು ಮೇಲು.

ಪಾರದರ್ಶಕ ಲೇಪಕ್ಕೂ ಕಪ್ಪು ಸೇರಿಸಿದ ಟ್ರಿಮ್ ರಿಸ್ಟೋರರಿಗೂ ವ್ಯತ್ಯಾಸವಿದೆ. ಟಾಲ್ಕ್ ಬಹಳ ಹೊರಬಿದ್ದ, ಒದ್ದೆ ಮಾಡಿದಾಗಲೂ ಮಂಕಾಗಿಯೇ ಕಾಣುವ ಭಾಗಕ್ಕೆ ಕಪ್ಪು ಸೇರಿದ್ದು ಚೆನ್ನಾಗಿ ಮುಚ್ಚುತ್ತದೆ. ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಬಣ್ಣ ತಳದಲ್ಲಿ ಕೂತಿರುತ್ತದೆ. ಕೈಗವಸು ಇಲ್ಲದೆ ಮುಟ್ಟಿದರೆ ಉಗುರಿನ ಸಂದಿಯ ಕಪ್ಪು ವಾರವಾದರೂ ಹೋಗುವುದಿಲ್ಲ. ಕೌಲ್‌ಗೆ ಏನೇ ಹಚ್ಚಿದರೂ ಪೂರಾ ಒಣಗಿದ ಮೇಲೆಯೇ ಗಾಡಿಗೆ ಕೂರಿಸಿ. ಸಿಲಿಕೋನ್ ಗಾಜಿಗೆ ಹತ್ತಿದರೆ ಮಳೆಯಲ್ಲಿ ವೈಪರ್ ಆಡಿದಾಗ ಗಾಜು ಮಸುಕಾಗುತ್ತದೆ, ರಾತ್ರಿ ಎದುರು ಗಾಡಿಯ ಬೆಳಕಿಗೆ ದಾರಿಯೇ ಕಾಣುವುದಿಲ್ಲ.

ಹಚ್ಚಿದ ಮೇಲೆ 24 ಗಂಟೆ ನೀರು ತಾಗಬಾರದು, ಒಂದು ವಾರ ಶಾಂಪೂ ತಾಗಬಾರದು.

ಕೆರೆದ ಮೂಲೆ

ಹಿಂದಿನ ಬಂಪರಿನ ಎಡಮೂಲೆ ಗೋಡೆಗೆ ತಿಕ್ಕಿ ಗೀರಿದೆ. ಇದಕ್ಕೆ ಲೇಪ ಮದ್ದಲ್ಲ, ಒರಟು ತೊಗಲೇ ಕಿತ್ತುಹೋಗಿದೆ. 320 ನಂಬರಿನ ವಾಟರ್ ಪೇಪರಿನಿಂದ ಎದ್ದ ಗೀರು ತಗ್ಗಿಸಿ 600ರಿಂದ ನಯ ಮಾಡಬೇಕು. ಪಾಲಿಪ್ರೊಪಿಲೀನ್ ಉಜ್ಜಿದಾಗ ನೂಲಿನಂಥ ಎಳೆ ಏಳುತ್ತದೆ, ಅದು ಪೂರಾ ಹೋಗುವವರೆಗೆ 600 ಬಿಡಬೇಡಿ, ಬಣ್ಣದ ಕೆಳಗೆ ಕೂದಲಿನಂತೆ ಕಾಣುತ್ತದೆ. ಆಮೇಲೆ ಪ್ಲಾಸ್ಟಿಕ್ ಅಡ್ಹೀಶನ್ ಪ್ರಮೋಟರ್ ತೆಳುವಾಗಿ ಒಂದು ಕೈ. ಇದನ್ನು ಬಿಟ್ಟರೆ ಮೊದಲ ಪ್ರೆಶರ್ ವಾಷಿಗೇ ಬಣ್ಣ ಸಿಪ್ಪೆಯಾಗಿ ಏಳುತ್ತದೆ, ಏಕೆಂದರೆ ಈ ಪ್ಲಾಸ್ಟಿಕ್ಕಿಗೆ ತಾನಾಗಿ ಏನೂ ಅಂಟುವುದಿಲ್ಲ. 5ರಿಂದ 10 ನಿಮಿಷದ ನಂತರ ಟೆಕ್ಸ್ಚರ್ ಇರುವ ಕರಿ ಬಂಪರ್ ಸ್ಪ್ರೇ, 25 ಸೆಂ.ಮೀ. ದೂರದಿಂದ ಮೂರು ತೆಳು ಕೈ, ನಡುವೆ 10ರಿಂದ 15 ನಿಮಿಷ. ಸುತ್ತಲಿನ ಭಾಗಕ್ಕೆ ಟ್ರಿಮ್ ಲೇಪ ಹಚ್ಚುವ ಮೊದಲೇ ಈ ಬಣ್ಣದ ಕೆಲಸ ಮುಗಿದಿರಬೇಕು. ಲೇಪದ ಮೇಲೆ ಬಣ್ಣ ನಿಲ್ಲುವುದಿಲ್ಲ.

ಮುಂದಿನ ನಿಗಾ

ತೊಳೆದ ಕೂಡಲೇ ಒರೆಸಿ ಒಣಗಿಸಿ, ಬೋರ್ ನೀರು ಪ್ಲಾಸ್ಟಿಕ್ ಮೇಲೆ ಆರಬಾರದು. ತೊಳೆಯುವ ಅಂಗಡಿಗೆ ಕೊಟ್ಟರೆ ಡೀಸೆಲ್ ಬೇಡ ಎಂದು ಮೊದಲೇ ಹೇಳಿ. ಪ್ರೆಶರ್ ವಾಷಿನ ಬಾಯಿಯನ್ನು ಪಟ್ಟಿಯ ಅಂಚಿಗೆ ಒಂದು ಅಡಿಗಿಂತ ಹತ್ತಿರ ತರಬಾರದು, ಬಣ್ಣ ಹೊಡೆದ ಮೂಲೆಗೆ ಇನ್ನೂ ದೂರ. ಲೇಪ ಮೊದಲು ಸವೆಯುವುದು ಕೌಲ್‌ನಲ್ಲಿ. ಬೇಸಿಗೆ ಕಳೆದ ಮೇಲೆ ಅಲ್ಲಿ ಒದ್ದೆ ಅರಿವೆ ಆಡಿಸಿ ನೋಡಿ. ಒದ್ದೆಗೂ ಒಣಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಂಡರೆ ಮತ್ತೆ ಹಚ್ಚುವ ಹೊತ್ತಾಗಿದೆ. ಆಗ ಇಷ್ಟೆಲ್ಲ ಬೇಕಾಗಿಲ್ಲ. ಶಾಂಪೂ, ಆಲ್ಕೊಹಾಲ್, ಒಂದು ಕೈ ಲೇಪ ಸಾಕು. ಬಾಟಲಿಯಲ್ಲಿ ಉಳಿದದ್ದನ್ನು ಅದಕ್ಕೆಂದು ಎತ್ತಿಟ್ಟರೆ ಪ್ರಯೋಜನವಿಲ್ಲ. ಒಮ್ಮೆ ತೆರೆದ ಸಿರಾಮಿಕ್ ಲೇಪ ಗಾಳಿಯ ತೇವಕ್ಕೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಉಳಿದದ್ದನ್ನು ಅದೇ ದಿನ ಮನೆಯ ಬೈಕಿನ ಮಡ್‌ಗಾರ್ಡ್, ಕನ್ನಡಿಯ ಬುಡಕ್ಕೆ ಹಚ್ಚಿಬಿಡಿ.